ಮಳೆದೊರೆ ಮನೆ ಕೊಂಡ ಪುಟ್ಟರಾಜು

ಊಟಿಯಲ್ಲಿ ಹಳೆ ಬಂಗಲೆಯ ಕಿಟಕಿ ಕೆಟ್ಟರೆ ಜನ ಹೇಳಿಕಳಿಸುತ್ತಿದ್ದದ್ದು ಪುಟ್ಟರಾಜುವಿಗೆ. ಹೊಸ ಕಿಟಕಿ ಮಾಡುವವರು ಪೇಟೆಯಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ಹಳೆಯದನ್ನು ಬಿಸಾಡದೆ, ಕೊಳೆತಷ್ಟನ್ನೇ ಕೆತ್ತಿ ತೆಗೆದು, ಅದೇ ಜಾತಿಯ ಮರದ ತುಂಡು ಬೆಸೆದು, ಬೆಸುಗೆ ಎಲ್ಲಿದೆ ಅಂತ ಮನೆಯವರೇ ಹುಡುಕಾಡುವ ಹಾಗೆ ಮಾಡಿಕೊಡುವವನು ಅವನೊಬ್ಬನೇ ಉಳಿದಿದ್ದ. ಅವನಪ್ಪ ಗುಂಡ್ಲುಪೇಟೆ ಕಡೆಯವರು. ಒಂದು ಗೋಣಿಚೀಲದಲ್ಲಿ ಉಳಿ, ಬಾಚಿ, ಗರಗಸ ತುಂಬಿಕೊಂಡು ಮಸಿನಗುಡಿ ದಾರಿಯಲ್ಲಿ ಘಾಟಿ ಹತ್ತಿ ಬಂದು ಇಲ್ಲೇ ನೆಲೆ ನಿಂತವರು. ಮನೆಯೊಳಗೆ ಮೈಸೂರು ಸೀಮೆಯ ಕನ್ನಡ, ಬೀದಿಗೆ ಬಂದರೆ ತಮಿಳು. ಪುಟ್ಟರಾಜುವಿಗೆ ಎರಡೂ ಒಂದೇ ನಾಲಿಗೆಯ ಮೇಲೆ ಇದ್ದವು.

ಐವತ್ತೆರಡು ವರ್ಷವಾದರೂ ಅವನಿಗೆ ಸ್ವಂತ ಮನೆ ಇರಲಿಲ್ಲ. ಕಾಂದಲ್‌ನ ಸಾಲುಮನೆಯಲ್ಲಿ ಅಪ್ಪನ ಕಾಲದಿಂದಲೂ ಬಾಡಿಗೆ. ಎರಡು ಕೋಣೆ, ಹೊಗೆ ಹಿಡಿದ ಒಂದು ಅಡಿಗೆಮೂಲೆ. ದಿನವಿಡೀ ಯಾರದೋ ಬಂಗಲೆಯ ಬೀಟೆಮರದ ಬಾಗಿಲಿಗೆ ಎಣ್ಣೆ ತಿಕ್ಕಿ, ಸಂಜೆ ತನ್ನ ಮನೆಯ ತಗಡಿನ ಬಾಗಿಲನ್ನು ಕಾಲಲ್ಲಿ ಒದ್ದು ತೆಗೆಯುತ್ತಿದ್ದ. ಹೆಂಡತಿ ಶಾಂತಲಾಗೆ ಒಂದು ಬೋರ್ಡಿಂಗ್ ಶಾಲೆಯ ಅಡಿಗೆಮನೆಯಲ್ಲಿ ಕೆಲಸ. ಮಗಳು ರಮ್ಯಾ ಬಸ್‌ಸ್ಟ್ಯಾಂಡಿನ ಹತ್ತಿರ ಔಷಧಿ ಅಂಗಡಿಯಲ್ಲಿದ್ದಳು. ಇಂಗ್ಲಿಷಿನಲ್ಲಿ ಯಾವ ಕಾಗದ ಬಂದರೂ ಮನೆಯಲ್ಲಿ ಓದಿ ಹೇಳುವವಳು ಅವಳೇ.

ಫಿಂಗರ್‌ಪೋಸ್ಟ್ ದಾಟಿ, ಸೋಲೂರಿನ ಬಸ್ಸು ತಿರುಗುವ ಕಡೆ, ಅಲ್ಲಿಯವರು ಕರ್ಪೂರದ ಮರ ಎನ್ನುವ ನೀಲಗಿರಿ ಮರಗಳ ಮರೆಯಲ್ಲಿ ಒಂದು ಕಲ್ಲಿನ ಮನೆಯಿತ್ತು. ಮುಂದೆ ಎರಡು ಕೋಣೆ, ಹಿಂದೆ ಹಾಲು ಎನ್ನುವ ಉದ್ದನೆಯ ದೊಡ್ಡ ಕೋಣೆ, ಮೇಲೆ ತುಕ್ಕು ಹಿಡಿದ ತಗಡು. ಹಿಂದಿನ ಕಾಲದಲ್ಲಿ ಅಲ್ಲಿದ್ದ ಬಿಳಿಯನೊಬ್ಬ ದಿನಾ ಬೆಳಿಗ್ಗೆ ಅಂಗಳಕ್ಕೆ ಬಂದು ಮಳೆ ಎಷ್ಟು ಬಿತ್ತು ಅಂತ ಅಳೆದು ಪುಸ್ತಕದಲ್ಲಿ ಬರೆದಿಡುತ್ತಿದ್ದನಂತೆ. ಅದಕ್ಕೇ ಅಕ್ಕಪಕ್ಕದವರು ಅದನ್ನು ಮಳೆದೊರೆ ಮನೆ ಎನ್ನುತ್ತಿದ್ದರು. ಈಗ ಅದು ಹುಬ್ಬತಲೈಯ ನಂಜುಂಡನ್ ಎಂಬ ಟೀ ಬೆಳೆಗಾರನದಾಗಿತ್ತು. ಅವನಪ್ಪ ಕೊಂಡಿದ್ದ ಮನೆ. ಇಪ್ಪತ್ತು ವರ್ಷದಿಂದ ಬೀಗ ಬಿದ್ದಿತ್ತು.

ಒಂದು ಮಾರ್ಚ್ ತಿಂಗಳಲ್ಲಿ ನಂಜುಂಡನ್ ಪುಟ್ಟರಾಜುವನ್ನು ಅಲ್ಲಿಗೆ ಕರೆಸಿದ. ಅವನು ಆಡುವುದು ಬಡಗರ ಭಾಷೆ, ಇವನದು ಕನ್ನಡ. ಇಬ್ಬರಿಗೂ ಒಬ್ಬರದು ಒಬ್ಬರಿಗೆ ಅರ್ಥವಾಗುತ್ತಿತ್ತು.

"ಆಚಾರಿ, ಈ ಬಾಗಿಲುಗಳನ್ನ ಕಿತ್ತು ಮಾರಿದರೆ ಹೇಗೆ? ಕೊಯಮತ್ತೂರಿನವರು ಹಳೇ ಬಾಗಿಲು ಕೇಳ್ತಾರಂತೆ."

ಪುಟ್ಟರಾಜು ಬಾಗಿಲನ್ನು ಬೆರಳಗೆಣ್ಣಿನಿಂದ ತಟ್ಟಿದ. ಗಟ್ಟಿ ಸದ್ದು ಬಂತು. ಹಾಲಿಗೆ ಹೋಗಿ ತಲೆಯೆತ್ತಿ ನೋಡಿದ. ಅಡ್ಡಲಾಗಿ ಒಂದೇ ಮರದ ತೊಲೆ, ಇಪ್ಪತ್ತೆರಡು ಅಡಿ, ನಡುವೆ ಎಲ್ಲೂ ಬೆಸುಗೆಯಿಲ್ಲ. ಗೋಡೆಯೊಳಗೆ ಸೇರುವ ಒಂದು ತುದಿ ಮಾತ್ರ ನೀರು ಕುಡಿದು ಕಪ್ಪಾಗಿತ್ತು. ಅಷ್ಟನ್ನು ಕತ್ತರಿಸಿ ಹೊಸ ತುದಿ ಕೂರಿಸಿದರೆ ಇನ್ನೂ ನೂರು ವರ್ಷ.

"ಬಾಗಿಲು ಕಿತ್ತರೆ ಮನೆ ಉಳಿಯಲ್ಲ ಗೌಡ್ರೇ," ಎಂದ. "ಮಾರೋದಾದ್ರೆ ಮನೇನೇ ಮಾರಿ."

"ಯಾರು ತಗೋತಾರೆ ಇದನ್ನ?"

"ನಾನು ತಗೋತೀನಿ" ಎಂದುಬಿಟ್ಟ ಪುಟ್ಟರಾಜು.

ನಂಜುಂಡನ್ ಹೇಳಿದ ಬೆಲೆ ಕೇಳಿ ಶಾಂತಲಾಗೆ ನಂಬಿಕೆ ಬರಲಿಲ್ಲ. "ಊಟಿಲಿ ಈ ದುಡ್ಡಿಗೆ ಕಾರ್ ನಿಲ್ಲಿಸೋ ಶೆಡ್ಡೂ ಬರಲ್ಲ ಕಣ್ರೀ. ಇಷ್ಟು ವರ್ಷ ಯಾರೂ ಯಾಕೆ ತಗೊಂಡಿಲ್ಲ?"

"ಕೆಲಸ ಗೊತ್ತಿಲ್ಲದೋರಿಗೆ ಅದು ಹಾಳುಮನೆ ಕಣೇ. ಅವರಿಗೆ ಕೊಳೆತಿರೋದು ಮಾತ್ರ ಕಾಣ್ಸುತ್ತೆ. ನಂಗೆ ಉಳಿದಿರೋದು ಕಾಣ್ಸುತ್ತೆ" ಎಂದ.

ಅವಳ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಆದರೆ ಗಂಡನ ಮುಖದಲ್ಲಿ ಆ ಬೆಳಕನ್ನು ಅವಳು ಬಹಳ ವರ್ಷದಿಂದ ನೋಡಿರಲಿಲ್ಲ. ಮತ್ತೆ ಕೇಳಲಿಲ್ಲ.

ಕೈಯಲ್ಲಿದ್ದದ್ದೆಲ್ಲ ಅದಕ್ಕೇ ಹೋಯಿತು. ಪತ್ರ ಬರೆಯುವವನು ಹಳೆಯ ದಾಖಲೆಗಳನ್ನೆಲ್ಲ ತೆಗೆಸಿ ನೋಡಿ, ಮನೆಯ ಮೇಲೆ ಸಾಲವಿಲ್ಲ, ವ್ಯಾಜ್ಯವಿಲ್ಲ, ಪಾಲುದಾರರಿಲ್ಲ ಎಂದ. ವಕೀಲರಿಗೆ ತೋರಿಸೋಣವೇ ಅಂತ ರಮ್ಯಾ ಕೇಳಿದಳು. ಎಲ್ಲ ಸರಿಯಿದೆ ಅಂದಮೇಲೆ ಅವರಿಗೆ ಯಾಕೆ ಬೇರೆ ದುಡ್ಡು ಕೊಡಬೇಕು ಎಂದ ಪುಟ್ಟರಾಜು. ಏಪ್ರಿಲ್‌ನಲ್ಲಿ ರಿಜಿಸ್ಟ್ರಿ ಆಯಿತು. ಮೇ ಮೊದಲ ವಾರ ಕಾಂದಲ್ ಮನೆ ಬಿಟ್ಟು, ಗುಜರಿ ವ್ಯಾನಿನಲ್ಲಿ ಸಾಮಾನು ಹೇರಿಕೊಂಡು ಬಂದು, ಮುಂದಿನ ಎರಡು ಕೋಣೆಗಳಲ್ಲಿ ಹಾಲುಕ್ಕಿಸಿದರು. ಶಾಂತಲಾ ಕಿಟಕಿಯ ಅಗಲವಾದ ಹಲಗೆಯ ಮೇಲೆ ಕೂತು ಕಾಫಿ ಕುಡಿದಳು. ಕೂತುಕೊಳ್ಳುವಷ್ಟು ಅಗಲದ ಕಿಟಕಿ ತನ್ನ ಜನ್ಮದಲ್ಲಿ ಇದೇ ಮೊದಲು ಎಂದಳು.

ಮಳೆಗೆ ಇನ್ನು ಒಂದು ತಿಂಗಳಿತ್ತು. ಪುಟ್ಟರಾಜು ಬೇರೆ ಕೆಲಸವನ್ನೆಲ್ಲ ಬಿಟ್ಟ. ಮೊದಲು ಹಾಲಿನ ಎರಡು ಕಿಟಕಿಗಳನ್ನು ಚೌಕಟ್ಟಿನಿಂದ ಬಿಡಿಸಿ ಅಂಗಳದಲ್ಲಿ ಮಲಗಿಸಿದ. ಆಮೇಲೆ ತೊಲೆಯ ಕೊಳೆತ ತುದಿಯ ಮೇಲಿನ ನಾಲ್ಕು ತಗಡು ಬಿಚ್ಚಿದ. ಒಬ್ಬ ಮರ ವ್ಯಾಪಾರಿಯ ಹತ್ತಿರ ಅದೇ ವಯಸ್ಸಿನ ತೇಗದ ತುಂಡೊಂದನ್ನು ಹುಡುಕಿ ತಂದಿದ್ದ. ಮೂರನೆಯ ದಿನ, ಏಣಿಯ ಮೇಲಿದ್ದಾಗ, ಕೆಳಗಿನಿಂದ ಯಾರೋ "ಅಣ್ಣಾ, ಸ್ವಲ್ಪ ಇಳಿದು ಬನ್ನಿ" ಅಂತ ತಮಿಳಿನಲ್ಲಿ ಕರೆದರು.

ಮೂವತ್ತೈದರ ಆಸುಪಾಸಿನ ಹೆಂಗಸು, ಸ್ವೆಟರಿನ ಮೇಲೆ ಗುರುತಿನ ಚೀಟಿ, ಕಂಕುಳಲ್ಲಿ ಫೈಲು. ಹೆಸರು ಮಲರ್‌ಕೊಡಿ. ಹಳೆಯ ಕಟ್ಟಡಗಳನ್ನು ನೋಡಿಕೊಳ್ಳುವ ಆಫೀಸಿನವಳು. ಯಾರೋ ದೂರು ಕೊಟ್ಟಿದ್ದರು, ಸಂರಕ್ಷಿತ ಮನೆಯನ್ನು ಒಡೆಯುತ್ತಿದ್ದಾರೆ ಅಂತ.

"ಒಡೀತಾ ಇಲ್ಲಮ್ಮ, ರಿಪೇರಿ ಮಾಡ್ತಾ ಇದ್ದೀನಿ. ನನ್ನ ಮನೆ ಇದು."

"ಮನೆ ನಿಮ್ಮದೇ ಅಣ್ಣಾ. ವಾಸ ಮಾಡಿ, ಬೇಡ ಅನ್ನೋರಿಲ್ಲ. ಆದರೆ ಈ ಮನೆ ಸಂರಕ್ಷಿತ ಪಟ್ಟಿಯಲ್ಲಿದೆ. ಒಂದು ಮೊಳೆ ಹೊಡೆಯೋದಿದ್ರೂ ಸಮಿತಿಯ ಒಪ್ಪಿಗೆ ಬೇಕು. ಕೊಳ್ಳೋವಾಗ ಯಾರೂ ಹೇಳಲಿಲ್ವಾ?"

ಪುಟ್ಟರಾಜು ಪತ್ರಗಳನ್ನೆಲ್ಲ ತಂದು ಅವಳ ಮುಂದೆ ಹರಡಿದ. ಅವಳು ಒಂದೊಂದನ್ನೂ ತಾಳ್ಮೆಯಿಂದ ನೋಡಿದಳು. ಸಾಲವಿದ್ದರೆ ಇದರಲ್ಲಿ ಕಾಣುತ್ತದೆ, ಕೋರ್ಟಿನಲ್ಲಿದ್ದರೆ ಕಾಣುತ್ತದೆ, ಪಟ್ಟಿಯಲ್ಲಿದೆ ಅನ್ನುವುದು ಮಾತ್ರ ಇದರಲ್ಲಿ ಬರುವುದಿಲ್ಲ ಎಂದಳು. ಆಮೇಲೆ ಕೆಲಸ ನಿಲ್ಲಿಸುವ ನೋಟೀಸನ್ನು ಅವನ ಕೈಗೆ ಕೊಟ್ಟಳು. ಇನ್ನೊಂದು ಪ್ರತಿಯನ್ನು ಬಾಗಿಲಿಗೆ ಅಂಟಿಸಿದಳು. ಅಂಟು ಮರಕ್ಕೆ ಕಲೆ ಮಾಡುತ್ತದಲ್ಲ ಅಂತ ಅವನಿಗೆ ಅನ್ನಿಸಿತು.

"ಬಿಚ್ಚಿದ ತಗಡು, ಕಿಟಕಿಗಳನ್ನಾದ್ರೂ ವಾಪಸ್ ಹಾಕಬಹುದಾ?"

"ಹೇಗಿತ್ತೋ ಹಾಗೇ ಹಾಕಿ. ಹೊಸ ತಗಡು ಬೇಡ."

ಮಾರನೆಯ ದಿನ ಅವನು ಬಸ್ಸು ಹತ್ತಿ ಹುಬ್ಬತಲೈಗೆ ಹೋದ. ನಂಜುಂಡನ ಹೆಂಡತಿ ಅಮ್ಮಣಿ ಟೀ ತಂದಿಟ್ಟಳು. ನಂಜುಂಡನ್ ಒಳಗಿನಿಂದ ಒಂದು ತಗಡಿನ ಪೆಟ್ಟಿಗೆ ಹೊತ್ತು ತಂದು ನೆಲದ ಮೇಲೆ ಸುರಿದ. ಟೀ ಫ್ಯಾಕ್ಟರಿಯ ರಸೀದಿ, ಮದುವೆ ಕಾಗದ, ಕರೆಂಟು ಬಿಲ್ಲುಗಳ ನಡುವೆ ಒಂದು ಉದ್ದನೆಯ ಲಕೋಟೆ ಇತ್ತು. ಹನ್ನೊಂದು ವರ್ಷದ ಹಿಂದಿನದು. ಮೇಲಿನ ಬರಹ ಇಂಗ್ಲಿಷಿನಲ್ಲಿತ್ತು. ಒಡೆದೇ ಇರಲಿಲ್ಲ.

"ಅಪ್ಪ ಇದ್ದಾಗ ಬಂದದ್ದು. ಬಂದ ಕಾಗದವನ್ನೆಲ್ಲ ಇದರೊಳಕ್ಕೆ ಹಾಕೋದು ನಮ್ಮಲ್ಲಿ ಅಭ್ಯಾಸ" ಎಂದ ನಂಜುಂಡನ್, ಮುಖ ಕೆಳಗೆ ಹಾಕಿ.

"ಮುಂಚೆ ಬೇರೆ ಯಾರಾದ್ರೂ ಕೇಳಿದ್ರಾ ಗೌಡ್ರೇ ಮನೇನ?"

ನಂಜುಂಡನ್ ನೆಲದ ಮೇಲಿನ ಕಾಗದಗಳನ್ನು ಪೆಟ್ಟಿಗೆಗೆ ತುಂಬತೊಡಗಿದ. ಹೇಳಿದವಳು ಅಮ್ಮಣಿ. "ಇಬ್ಬರು ಬಂದಿದ್ದರು. ರೆಸಾರ್ಟಿನವರು. ವಕೀಲರಿಗೆ ತೋರಿಸ್ತೀವಿ ಅಂತ ಕಾಗದದ ನಕಲು ತಗೊಂಡು ಹೋದವರು ತಿರುಗಿ ಬರಲೇ ಇಲ್ಲ. ಯಾಕೆ ಅಂತ ನಾವೂ ಕೇಳಲಿಲ್ಲ."

ದುಡ್ಡು ವಾಪಸ್ ಕೊಡಿ ಅಂತ ಕೇಳಬೇಕು ಅಂತಲೇ ಪುಟ್ಟರಾಜು ಹೋಗಿದ್ದದ್ದು. ಹೊಸದಾಗಿ ಕಟ್ಟಿದ ಗೋಡೆ, ಗೋಡೆಗೊರಗಿದ, ನಂಜುಂಡನ ಅಳಿಯನ ಹೊಸ ಬೈಕು, ಒಳಗೆ ಅಳುತ್ತಿದ್ದ ಕೂಸು ಎಲ್ಲ ನೋಡಿದ ಮೇಲೆ ಆ ದುಡ್ಡು ಈಗ ದುಡ್ಡಾಗಿ ಉಳಿದಿಲ್ಲ ಅಂತ ಗೊತ್ತಾಯಿತು. ಟೀ ಕುಡಿದು, ಲಕೋಟೆಯನ್ನು ಇಸಿದುಕೊಂಡು ಎದ್ದು ಬಂದ. ರಾತ್ರಿ ರಮ್ಯಾ ಅದನ್ನು ಒಡೆದು ಓದಿದಳು: ಮನೆಯನ್ನು ಸಂರಕ್ಷಿತ ಪಟ್ಟಿಗೆ ಸೇರಿಸಿದ್ದೇವೆ ಅಂತಿತ್ತು.

ಒಪ್ಪಿಗೆಗೆ ಅರ್ಜಿ ಹಾಕುವುದೇ ಒಂದು ಕೆಲಸವಾಯಿತು. ಮನೆಯ ನಕ್ಷೆ ಬೇಕು, ಹಳೆ ಕಟ್ಟಡಗಳನ್ನು ಬಲ್ಲ ಆರ್ಕಿಟೆಕ್ಟ್ ಒಬ್ಬರ ಸಹಿ ಬೇಕು. ಅಂಥವರು ಬೆಟ್ಟದ ಮೇಲೆ ಯಾರೂ ಇರಲಿಲ್ಲ. ಕೊಯಮತ್ತೂರಿನಿಂದ ಒಬ್ಬ ಹುಡುಗಿ ಬಂದು, ಅರ್ಧ ದಿನ ಅಳತೆ ತೆಗೆದುಕೊಂಡು, ತೊಲೆ ಯಾವ ಮರದ್ದು ಅಂತ ಪುಟ್ಟರಾಜುವನ್ನೇ ಕೇಳಿ ಬರೆದುಕೊಂಡಳು. ರಿಪೇರಿ ಹೇಗೆ ಮಾಡಬೇಕು ಅನ್ನುವುದನ್ನೂ ಅವನೇ ಹೇಳಿದ. ಅವಳು ಅದನ್ನು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದಳು. ಕೆಲಸ ಮಾಡುವವರ ಹೆಸರು ಎಂಬ ಜಾಗದಲ್ಲಿ ರಮ್ಯಾ ಅಪ್ಪನ ಹೆಸರು ತುಂಬಿದಳು. ಹತ್ತು ದಿನಕ್ಕೆ ಅರ್ಜಿ ತಿರುಗಿ ಬಂತು. ಇಂಥ ಮನೆಗಳ ಕೆಲಸ ನೋಂದಾಯಿತ ಕಂಟ್ರಾಕ್ಟರೇ ಮಾಡಬೇಕು, ಪುಟ್ಟರಾಜು ಎಂಬವರ ಹೆಸರು ನೋಂದಣಿಯಲ್ಲಿಲ್ಲ.

ಅದನ್ನು ಓದಿ ಹೇಳುವಾಗ ರಮ್ಯಾಗೆ ಅಳು ಬಂತು. ಪುಟ್ಟರಾಜು ಅಳಲಿಲ್ಲ. ಆ ನೋಂದಣಿಯಲ್ಲಿದ್ದ ಒಬ್ಬ ಕಂಟ್ರಾಕ್ಟರನ ಹತ್ತಿರ ಹೋದ. ಆತ ಇವನನ್ನು ಕಂಡದ್ದೇ ಎದ್ದು ನಿಂತು ಕುರ್ಚಿ ಕೊಟ್ಟ. ಆತ ವಹಿಸಿಕೊಂಡಿದ್ದ ಎರಡು ಬಂಗಲೆಗಳ ಬಾಗಿಲು ಮಾಡಿಕೊಟ್ಟವನು ಪುಟ್ಟರಾಜುವೇ. ಆತನ ಹೆಸರಿನಲ್ಲಿ ಅರ್ಜಿ ಮತ್ತೆ ಹೋಯಿತು. ಸಮಿತಿಯ ಸಭೆ ಆಗಸ್ಟ್‌ನಲ್ಲಿ ಎಂದರು. ಆಗಸ್ಟ್‌ನಲ್ಲಿ ಒಬ್ಬರು ಸದಸ್ಯರು ನಿವೃತ್ತರಾಗಿ ಆ ಜಾಗ ಖಾಲಿಯಾಯಿತು, ಸಭೆ ನಡೆಯಲಿಲ್ಲ.

ಅಷ್ಟರಲ್ಲಿ ಮಳೆ ಹಿಡಿದಿತ್ತು. ಬಿಚ್ಚಿದ್ದ ತಗಡನ್ನು ಅವನು ಇದ್ದ ಹಾಗೇ ಹಾಕಿದ್ದ, ಹಳೆಯ ಮೊಳೆತೂತುಗಳಲ್ಲೇ. ಇದ್ದ ಹಾಗೇ ಅದು ಸೋರಿತು. ಹಾಲಿನಲ್ಲಿ ಬಕೆಟ್ಟು, ಪಾತ್ರೆ, ರಮ್ಯಾಳ ಹಳೆ ಸ್ನಾನದ ತೊಟ್ಟಿ ಎಲ್ಲ ಇಟ್ಟರು. ಗೋಡೆಯ ಗಾರೆ ಉಬ್ಬಿ ಹಪ್ಪಳದಂತೆ ಉದುರಿತು. ಶಾಂತಲಾಗೆ ಕೆಮ್ಮು ಹತ್ತಿತು. ಬಾಡಿಗೆ ಮನೆಯಲ್ಲೂ ಮೊಳೆ ಹೊಡೆಯಲು ಬಿಡುತ್ತಿರಲಿಲ್ಲ, ಆದರೆ ಸೋರಿದರೆ ಬೈಯುವುದಕ್ಕೆ ಒಬ್ಬ ಮಾಲೀಕನಿದ್ದ ಎಂದಳು ಒಂದು ದಿನ. ಹೇಳಿದ ಮೇಲೆ ಗಂಡನ ಮುಖ ನೋಡಿ, ಸೊಪ್ಪು ಬಿಡಿಸುತ್ತ ಮಾತು ಬದಲಿಸಿದಳು.

ಪುಟ್ಟರಾಜು ತೊಲೆಯ ಪಕ್ಕದ ಗೋಡೆಗೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಿದ್ದ. ಪ್ರತಿ ಭಾನುವಾರ ಏಣಿ ಹತ್ತಿ ನೋಡುತ್ತಿದ್ದ. ಜುಲೈಯಲ್ಲಿ ತೊಲೆ ಗೆರೆಯಿಂದ ಒಂದು ಬೆರಳು ಕೆಳಗೆ ಬಂತು. ಸೆಪ್ಟೆಂಬರಿನಲ್ಲಿ ಎರಡು ಬೆರಳು. ಒಂದು ಕಂಬ ಕೊಟ್ಟು ಎತ್ತಿ ಹಿಡಿದರೆ ಅದು ಅಲ್ಲಿಗೇ ನಿಲ್ಲುತ್ತದೆ. ಅರ್ಧ ದಿನದ ಕೆಲಸ. ಅವನು ಆಫೀಸಿಗೆ ಹೋಗಿ ಒಂದು ಆಸರೆ ಕಂಬ ಕೊಡಬಹುದೇ ಅಂತ ಬರೆದುಕೊಟ್ಟ.

ಮಲರ್‌ಕೊಡಿ ಆ ಕಾಗದವನ್ನು ಓದಿ ತಲೆಗೆ ಕೈ ಹಚ್ಚಿಕೊಂಡಳು. "ಯಾಕಣ್ಣಾ ಬರೆದು ಕೇಳಿದ್ರಿ? ಬರೆದು ಕೇಳಿದ್ರೆ ನಾನು ಬೇಡ ಅಂತ ಬರೆದೇ ಉತ್ತರ ಕೊಡಬೇಕಾಗುತ್ತೆ."

"ಕೇಳದೆ ಮಾಡಿದ್ರೆ ತಪ್ಪಾಗುತ್ತಲ್ಲಮ್ಮ."

ಅವಳು ಕಿಟಕಿಯ ಆಚೆ ನೋಡಿದಳು. ಅವಳ ಕೈಯಲ್ಲೂ ಏನೂ ಇರಲಿಲ್ಲ ಅಂತ ಅವನಿಗೆ ಆವತ್ತು ಗೊತ್ತಾಯಿತು. ಸಮಿತಿಗೆ ಅವಳು ನಾಲ್ಕು ಸಲ ನೆನಪಿಸುವ ಕಾಗದ ಬರೆದಿದ್ದಳು. ಫೈಲು ತಿರುಗಿಸಿ ತೋರಿಸಿದಳು.

ಅವಳ ಉತ್ತರ ಬಂತು, ಬೇಡ ಅಂತ. ಅದೇ ವಾರ ಶಾಂತಲಾ ತಾನೇ ಶಾಲೆಯ ಹತ್ತಿರದ ಮರದ ಡಿಪೋದಿಂದ ಒಂದು ಕರ್ಪೂರದ ಕಂಬ ಆಟೋದ ಮೇಲೆ ಕಟ್ಟಿಸಿಕೊಂಡು ಬಂದಳು. "ನೀವು ಬರೆದು ಕೇಳಿದ್ರಿ, ನಾನು ಕೇಳಿಲ್ಲ. ಯಾರಾದ್ರೂ ಬಂದ್ರೆ ನಾನು ನಿಲ್ಲಿಸಿದ್ದು ಅಂತೀನಿ. ಹಿಡ್ಕೊಳ್ಳಿ" ಎಂದಳು. ಇಬ್ಬರೂ ಸೇರಿ ಕಂಬ ನಿಲ್ಲಿಸಿದರು. ಕೆಳಗೆ ಹಲಗೆಯಿಟ್ಟು ಬೆಣೆ ಬಡಿದಾಗ ತೊಲೆ ಒಂದು ಸಲ ನರಳಿ, ಕೂದಲೆಳೆಯಷ್ಟು ಮೇಲೆದ್ದು ನಿಂತಿತು. ಪುಟ್ಟರಾಜು ಕಂಬದ ಮೇಲೆ ಅಂಗೈಯಿಟ್ಟು ಸುಮಾರು ಹೊತ್ತು ಹಾಗೇ ನಿಂತಿದ್ದ. ಆರು ವಾರ ಅದು ಅಲುಗಲಿಲ್ಲ. ಆ ಆರು ವಾರ ಅವನು ಹೊಟ್ಟೆತುಂಬ ಉಂಡ.

ನವೆಂಬರಿನಲ್ಲಿ ಫೋನು ಬಂತು. ಖಾಲಿಯಾಗಿದ್ದ ಜಾಗಕ್ಕೆ ಸದಸ್ಯರು ಬಂದಿದ್ದಾರೆ, ಸಮಿತಿಯವರು ಗುರುವಾರ ಬೆಳಿಗ್ಗೆ ಮನೆ ನೋಡಲು ಬೆಟ್ಟ ಹತ್ತುತ್ತಾರೆ. ಮಲರ್‌ಕೊಡಿಯ ದನಿಯಲ್ಲಿ ಖುಷಿಯಿತ್ತು. ಕೊನೆಗೆ ಮೆಲ್ಲಗೆ, "ಒಪ್ಪಿಗೆಯಿಲ್ಲದ ಯಾವ ಕೆಲಸವೂ ಕಣ್ಣಿಗೆ ಬೀಳಬಾರದಣ್ಣಾ. ಬಿದ್ದರೆ ಅರ್ಜಿ ಅಲ್ಲಿಗೇ ಮುಗೀತು" ಎಂದಳು.

ಗುರುವಾರ ಬೆಳಗಾಗುವಾಗಲೇ ಜೋರು ಮಳೆ. ಎಂಟು ಗಂಟೆಗೆ ಪುಟ್ಟರಾಜು ಕಂಬದ ಬುಡದ ಬೆಣೆಗಳನ್ನು ಸಡಿಲಿಸಿದ. ಒಂದೆರಡು ಗಂಟೆಯ ಮಾತು, ಅವರು ನೋಡಿಕೊಂಡು ಹೋದ ಕೂಡಲೇ ಮತ್ತೆ ನಿಲ್ಲಿಸಿದರಾಯಿತು ಅಂತ ಲೆಕ್ಕ ಹಾಕಿದ. ಕಂಬವನ್ನು ಹೊತ್ತು ಹಿತ್ತಲಲ್ಲಿ ಸೌದೆಯ ಹಿಂದೆ ಮಲಗಿಸಿದ. ಒಗೆದ ಶರ್ಟು ಹಾಕಿಕೊಂಡ. ಶಾಂತಲಾ ರಜೆ ಹಾಕಿ ಐದು ಜನಕ್ಕಾಗುವಷ್ಟು ಕೇಸರಿಬಾತು ಮಾಡಿದ್ದಳು.

ಹತ್ತಾಯಿತು, ಹನ್ನೊಂದಾಯಿತು. ಹನ್ನೊಂದೂವರೆಗೆ ಫೋನು ಬಂತು. ಬರ್ಲಿಯಾರ್ ಹತ್ತಿರ ಗುಡ್ಡ ಜರಿದು ರಸ್ತೆ ಮುಚ್ಚಿದೆ, ಕಾರು ಮೇಟ್ಟುಪಾಳ್ಯಕ್ಕೆ ತಿರುಗಿ ಹೋಯಿತು, ಇವತ್ತು ಬರುವುದಿಲ್ಲ. ಪುಟ್ಟರಾಜು ಫೋನನ್ನು ಕಿಟಕಿಯ ಹಲಗೆಯ ಮೇಲಿಟ್ಟು, ಶರ್ಟು ಕೂಡ ಬದಲಿಸದೆ ಹಿತ್ತಲಿಗೆ ಓಡಿದ. ಕಂಬದ ಒಂದು ತುದಿಯನ್ನು ಹೆಗಲ ಮೇಲೆ ಎತ್ತಿಕೊಂಡಿದ್ದ. ಆಗ ಕೇಳಿತು. ಮೊದಲು ಒಂದು ಉದ್ದನೆಯ ಬಿರುಕಿನ ಸದ್ದು, ಹಸಿಮರ ಸೀಳಿದ ಹಾಗೆ. ಆಮೇಲೆ ತಗಡೆಲ್ಲ ಒಟ್ಟಿಗೆ ಬಿದ್ದ ಶಬ್ದ.

"ಶಾಂತಾ!" ಅಂತ ಕೂಗಿದ.

ಅವಳು ಮುಂದಿನ ಕೋಣೆಯಲ್ಲಿದ್ದಳು. ಬಾಗಿಲಿಗೆ ಬಂದು ನಿಂತಳು, ಕೈಯಲ್ಲಿ ತಟ್ಟೆ. ಹಾಲಿದ್ದ ಜಾಗದಲ್ಲಿ ಆಕಾಶ ಕಾಣುತ್ತಿತ್ತು. ಮಳೆ ನೇರವಾಗಿ ಮರದ ನೆಲದ ಮೇಲೆ ಬೀಳುತ್ತಿತ್ತು. ತೊಲೆಯ ಕೊಳೆತ ತುದಿ ಗೋಡೆಯಲ್ಲೇ ಉಳಿದು, ಉಳಿದದ್ದೆಲ್ಲ ಕೆಳಗಿತ್ತು. ಪುಟ್ಟರಾಜು ಹೆಗಲ ಮೇಲಿನ ಕಂಬವನ್ನು ಇಳಿಸುವುದನ್ನೇ ಮರೆತು ನಿಂತಿದ್ದ. ಶಾಂತಲಾ ಹತ್ತಿರ ಬಂದು ಕಂಬಕ್ಕೆ ಕೈ ಕೊಟ್ಟು ಇಳಿಸಿದಳು.

"ನಾನೇ ತೆಗೆದೆ ಕಣೇ. ನನ್ನ ಕೈಯಾರೆ ತೆಗೆದೆ."

"ನಾನೂ ಇದ್ದೆನಲ್ರೀ. ನಾನಾದ್ರೂ ಬೇಡ ಅಂದ್ನಾ?"

ಮಲರ್‌ಕೊಡಿ ಸಂಜೆ ಕೊಡೆ ಹಿಡಿದು ಒಬ್ಬಳೇ ಬಂದಳು. ಹಾಲಿನ ಬಾಗಿಲಲ್ಲಿ ನಿಂತಳು. ಹಿತ್ತಲ ಬಾಗಿಲ ಬಳಿ ಬಿದ್ದಿದ್ದ ಕಂಬವನ್ನೂ, ನೆಲದ ಮೇಲೆ ಅದರ ಬುಡ ಕೂತಿದ್ದ ಗುರುತನ್ನೂ ನೋಡಿದಳು. ಅದರ ಬಗ್ಗೆ ಅವಳು ಎಲ್ಲೂ ಬರೆಯಲಿಲ್ಲ. ಅವಳ ಕೈಲಾದದ್ದು ಅಷ್ಟೇ.

ಡಿಸೆಂಬರಿನಲ್ಲಿ ಎರಡು ಕಾಗದ ಒಂದೇ ದಿನ ಬಂದವು. ಒಂದರಲ್ಲಿ, ಸಂರಕ್ಷಿತ ಕಟ್ಟಡವನ್ನು ಸರಿಯಾಗಿ ನೋಡಿಕೊಳ್ಳದೆ ಹಾಳುಗೆಡವಿದ್ದಕ್ಕೆ ನಿಮ್ಮ ಮೇಲೆ ಏಕೆ ಕ್ರಮ ತೆಗೆದುಕೊಳ್ಳಬಾರದು ಎಂದು ಕೇಳಿತ್ತು. ಇನ್ನೊಂದರಲ್ಲಿ, ಹಾಲಿನ ತೊಲೆಯ ತುದಿ ಬದಲಿಸಲು ಸಮಿತಿ ಒಪ್ಪಿಗೆ ಕೊಟ್ಟಿತ್ತು. ಬೀಳುವುದಕ್ಕೆ ಮುಂಚಿನ ಫೋಟೋಗಳನ್ನು ನೋಡಿ ಕೊಟ್ಟದ್ದು. ಈಗ ತೊಲೆಯೇ ಇಲ್ಲದ್ದರಿಂದ ಆ ಒಪ್ಪಿಗೆ ನಡೆಯುವುದಿಲ್ಲ, ಹಾಲನ್ನು ಮೊದಲಿದ್ದ ಹಾಗೇ ಕಟ್ಟಿಕೊಡುವುದಾಗಿ ಹೊಸ ಅರ್ಜಿ ಹಾಕಬೇಕು ಎಂದರು. ಅಲ್ಲಿಯತನಕ ಬಿದ್ದ ಮರದ ಒಂದು ತುಂಡೂ ಕಳೆಯಬಾರದು, ಎಲ್ಲಕ್ಕೂ ನಂಬರು ಹಾಕಿ ಇಡಬೇಕು.

ಮಾರಲು ನೋಡಿದ. ಇಬ್ಬರು ದಲ್ಲಾಳಿಗಳು ಬಂದು ಬಾಗಿಲ ಮೇಲಿನ ನೋಟೀಸನ್ನು ಓದಿ ಗೇಟಿನಿಂದಲೇ ಹೊರಟರು. ಮೂರನೆಯವನು ಮಾತ್ರ ಒಳಗೆ ಬಂದು, ನೋಟೀಸು ಕಿತ್ತು ಹಾಕಿ, ಇಂಗ್ಲಿಷ್ ಬಾರದ ಗಿರಾಕಿಯನ್ನು ನಾನು ಹುಡುಕಿಕೊಡುತ್ತೇನೆ ಎಂದ. ಪುಟ್ಟರಾಜು, "ಅಂಥ ಗಿರಾಕಿ ನಾನೇ ಆಗಿದ್ದೆ" ಎಂದು ಹೇಳಿ ಕಳಿಸಿದ. ಆ ರಾತ್ರಿ ಊಟಕ್ಕೆ ಕೂತಾಗ ರಮ್ಯಾಗೆ ಅದನ್ನು ಹೇಳಿ, ಬೇಡ ಅಂದದ್ದು ಸರಿಯೇ ಅಂತ ಕೇಳಿದ. ಅವಳು ಸರಿ ಎಂದಳು. ಶಾಂತಲಾ ಅನ್ನ ಬಡಿಸಿದಳು.

ಜನವರಿಯಲ್ಲಿ ಹಿಮ ಬೀಳತೊಡಗಿತು. ಬೆಳಿಗ್ಗೆ ಹುಲ್ಲೆಲ್ಲ ಸುಣ್ಣ ಬಳಿದ ಹಾಗೆ. ಹಾಲಿನ ಕಡೆಯ ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಮುಂದಿನ ಕೋಣೆಯ ಹಳೇ ಒಲೆಯಲ್ಲಿ ಬೆಂಕಿ ಹಾಕಿಕೊಂಡು ಮೂವರೂ ಒಂದೇ ಕಡೆ ಮಲಗುತ್ತಿದ್ದರು. ಪುಟ್ಟರಾಜು ಮತ್ತೆ ಬೇರೆಯವರ ಬಂಗಲೆ ಕೆಲಸಕ್ಕೆ ಹೋಗುತ್ತಿದ್ದ. ರಜೆಯ ದಿನ ಅಂಗಳದಲ್ಲಿ ಕೂತು ಸೀಮೆಸುಣ್ಣದಿಂದ ಮರದ ತುಂಡುಗಳಿಗೆ ನಂಬರು ಬರೆಯುತ್ತಿದ್ದ. ಮಂಜಿಗೆ ಸೀಮೆಸುಣ್ಣ ಅಳಿಸಿ ಹೋಗುತ್ತಿತ್ತು. ಆಮೇಲೆ ಪೇಂಟು ತಂದ. ಪೇಂಟು ಬಳಿಯಬಹುದೇ ಅಂತ ಈ ಸಲ ಯಾರನ್ನೂ ಕೇಳಲಿಲ್ಲ. ಟಾರ್ಪಾಲಿನ ಕೆಳಗೆ ಸೇರಿಸಿದ ತುಂಡುಗಳು ನೂರಾ ನಲವತ್ತಾರಾದವು. ಕೆಲವನ್ನು ಉಗುರಿನಿಂದ ಒತ್ತಿದರೆ ಹಿಟ್ಟಿನಂತೆ ಒಳಗಿಳಿಯುತ್ತಿದ್ದವು. ಯಾವುದರಿಂದ ಏನು ಮಾಡಬಹುದು, ಯಾವುದು ಯಾತಕ್ಕೂ ಬಾರದ್ದು, ಎಲ್ಲ ಅವನಿಗೆ ಮುಟ್ಟಿದರೇ ಗೊತ್ತಾಗುತ್ತಿತ್ತು. ಎಲ್ಲಕ್ಕೂ ಒಂದೇ ರೀತಿಯ ನಂಬರು ಹಾಕಿದ.

ಆ ಭಾನುವಾರ ಮಧ್ಯಾಹ್ನವೇ ಚಳಿ ಹಲ್ಲು ಕಡಿಸುವಂತಿತ್ತು. ಶಾಂತಲಾ ಬಾಗಿಲಿಗೆ ಬಂದು, "ರೀ, ಸೌದೆ ಮುಗೀತು" ಎಂದಳು. ಅವಳ ಕಣ್ಣು ಟಾರ್ಪಾಲಿನ ಕಡೆಗೆ ಹೋಯಿತು. ಅವನ ಕಣ್ಣೂ ಹೋಯಿತು.

ಪುಟ್ಟರಾಜು ಕೈಯ ಪೇಂಟನ್ನು ಸೀಮೆಎಣ್ಣೆಯಲ್ಲಿ ಒರೆಸಿಕೊಂಡ. ಮಫ್ಲರು ಸುತ್ತಿಕೊಂಡು, ಗೋಣಿಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು, ಫಿಂಗರ್‌ಪೋಸ್ಟಿನ ಡಿಪೋ ಮುಚ್ಚುವುದರೊಳಗೆ ಸೌದೆ ಕೊಂಡು ತರಲು ಹೊರಟ.